ಕನಸು ಕಳೆದುಕೊಳ್ಳದವರ ಕಥೆ

ಪ್ರೀತಿಯ ಪುಟ್ಟಿಗೆ,

ಶೆರಿ ಡಿಮಲೈನ್ ಅವರ ‘ದಿ ಮ್ಯಾರೋ ಥೀವ್ಸ್’ ಓದಿ ಮುಗಿಸಿದೆ, ರಾತ್ರಿ ನಿದ್ದೆ ಹತ್ತಲಿಲ್ಲ, ಇಂಥದ್ದು ಎಲ್ಲಾದರೂ ನಡೆದೀತೇ ಅಜ್ಜ ಎಂದು ಕೇಳಿದ್ದೀಯ. ಆ ಕಾದಂಬರಿಯನ್ನು ನಾನೂ ಓದಿದ್ದೇನೆ ಮಗೂ. ಅದರಲ್ಲಿರುವ ಎಷ್ಟೋ ಸಂಗತಿಗಳು ಆಗಲೇ ನಡೆದುಹೋಗಿವೆ. ನೀನೀಗ ಓದುತ್ತಿರುವ ಕೆನಡಾದಲ್ಲೇ ನಡೆದಿವೆ.

ಕಥೆಯಲ್ಲಿ ಹವಾಮಾನ ಕೆಟ್ಟು ಲೋಕ ಹಾಳಾಗಿದೆ. ಜನ ಕನಸು ಕಾಣುವ ಶಕ್ತಿ ಕಳೆದುಕೊಂಡು ಹುಚ್ಚರಾಗುತ್ತಿದ್ದಾರೆ. ಮೂಲನಿವಾಸಿಗಳಿಗೆ ಮಾತ್ರ ಇನ್ನೂ ಕನಸು ಬೀಳುತ್ತದೆ. ಕನಸು ಅವರ ಮೂಳೆಯ ಮಜ್ಜೆಯಲ್ಲಿದೆ ಎಂದು ತಿಳಿದು ಅವರನ್ನು ಬೇಟೆಯಾಡಿ, ಮಜ್ಜೆ ಹೀರಲು ‘ಶಾಲೆ’ಗಳಿಗೆ ಒಯ್ಯುತ್ತಾರೆ. ಈ ಶಾಲೆಗಳನ್ನು ಲೇಖಕಿ ಚರಿತ್ರೆಯಿಂದಲೇ ಎತ್ತಿಕೊಂಡಿದ್ದಾರೆ. ಕೆನಡಾ ಸರ್ಕಾರವೂ ಚರ್ಚುಗಳೂ ಸೇರಿ ನೂರಕ್ಕೂ ಹೆಚ್ಚು ವರ್ಷ ನಡೆಸಿದ ವಸತಿ ಶಾಲೆಗಳಿಗೆ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಸೇರಿಸಲಾಯಿತು. ಹೆತ್ತವರಿಂದ ದೂರಮಾಡಿದರು, ಜಡೆ ಕತ್ತರಿಸಿದರು, ಮನೆಮಾತು ಆಡಿದರೆ ಶಿಕ್ಷಿಸಿದರು. ಸಾವಿರಾರು ಮಕ್ಕಳು ಮನೆಗೆ ಮರಳಲೇ ಇಲ್ಲ. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. 2008ರಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 2015ರಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗವು ಈ ಶಾಲೆಗಳ ವ್ಯವಸ್ಥೆಯನ್ನು ಸಾಂಸ್ಕೃತಿಕ ನರಮೇಧ ಎಂದೇ ಕರೆಯಿತು.

ಇದು ತಿಳಿದ ಮೇಲೆ ಕಥಾನಾಯಕ ಫ್ರೆಂಚಿಯನ್ನು ಇನ್ನೊಮ್ಮೆ ನೋಡು. ತನ್ನ ಉದ್ದ ಜಡೆಯ ಬಗ್ಗೆ ಆ ಹುಡುಗನಿಗೆ ಎಷ್ಟೊಂದು ಹೆಮ್ಮೆ! ಹಿರಿಯರ ತಲೆಯಿಂದ ಕತ್ತರಿಸಿ ಎಸೆದದ್ದನ್ನು ಅವನು ಮತ್ತೆ ಬೆಳೆಸಿದ್ದಾನೆ. ಗುಂಪಿನ ಅಜ್ಜಿ ಮಿನರ್ವಾಳಿಂದ ಜೊತೆಯ ಹುಡುಗಿ ರೋಸ್ ತಮ್ಮ ಭಾಷೆಯ ಒಂದು ಪದ ಕಲಿತು ಬಂದರೂ ಅವನಿಗೆ ಹೊಟ್ಟೆಕಿಚ್ಚು. ಕಾಡಿನಲ್ಲಿ ಜೀವ ಉಳಿಸಿಕೊಂಡು ಓಡುವ ನಡುವೆಯೂ ಗುಂಪಿನ ಹಿರಿಯ ಮೀಗ್ವನ್ಸ್ ಮಕ್ಕಳನ್ನು ಕೂರಿಸಿಕೊಂಡು ತಮ್ಮ ಜನರ ಕಥೆ ಹೇಳುತ್ತಾನೆ. ಅನ್ನ, ಬಂದೂಕಿನಷ್ಟೇ ಆ ಕಥೆಯೂ ಅವರಿಗೆ ಬೇಕು.

ನೀನು ಓದುವ ಇಂಥ ಎಷ್ಟೋ ಕಾದಂಬರಿಗಳಲ್ಲಿ ಒಬ್ಬ ಶೂರ ಹುಡುಗನೋ ಹುಡುಗಿಯೋ ಆಳುವವರನ್ನು ಉರುಳಿಸುತ್ತಾರೆ. ಇಲ್ಲಿ ಮಜ್ಜೆ ಹೀರುವ ಯಂತ್ರವನ್ನು ಕೆಡವಿದವಳು ಒಬ್ಬ ಮುದುಕಿ, ಅದೇ ಮಿನರ್ವಾ. ಅದೂ ತನ್ನ ಭಾಷೆಯ ಹಾಡಿನಿಂದ, ಆ ಭಾಷೆಯಲ್ಲೇ ಕಂಡ ಕನಸಿನಿಂದ. ಶಾಲೆಗಳು ಯಾವ ಭಾಷೆಯನ್ನು ಕೊಲ್ಲಲು ಹೊರಟಿದ್ದವೋ ಅದೇ ಭಾಷೆ ಶಾಲೆಯನ್ನು ಸೋಲಿಸಿತು. ಇಡೀ ಕಾದಂಬರಿಯ ಜೀವ ಇರುವುದು ಅಲ್ಲೇ.

ಡಿಮಲೈನ್ ಅವರು ಜಾರ್ಜಿಯನ್ ಕೊಲ್ಲಿಯ ಮೆಟಿ ಎಂಬ ಮೂಲನಿವಾಸಿ ಸಮುದಾಯದವರು. 2017ರಲ್ಲಿ ಬಂದ ಈ ಪುಸ್ತಕಕ್ಕೆ ಅದೇ ವರ್ಷ ಕೆನಡಾದ ಗವರ್ನರ್ ಜನರಲ್ ಪ್ರಶಸ್ತಿ ಬಂತು. ಮೂಲನಿವಾಸಿಗಳೆಂದರೆ ಹಳೆಯ ಕಾಲದವರು ಎಂದು ಬಗೆದಿದ್ದ ಲೋಕಕ್ಕೆ, ನಾಳೆಯಲ್ಲೂ ನಾವಿರುತ್ತೇವೆ ಎಂದು ಅವರು ತೋರಿಸಿಕೊಟ್ಟರು.

ನೀನಿರುವ ಟೊರೊಂಟೊ ಕೂಡ ಮೂಲನಿವಾಸಿಗಳ ನೆಲವೇ. ಅವರ ಮಕ್ಕಳು ನಿನ್ನ ತರಗತಿಯಲ್ಲಿದ್ದರೆ ಸ್ನೇಹ ಬೆಳೆಸು. ಅವರನ್ನು ಬರೀ ನೊಂದವರೆಂದು ಕನಿಕರದಿಂದ ನೋಡಬೇಡ. ಸೋಲದೆ ಉಳಿದವರೆಂದು ಗೌರವದಿಂದ ನೋಡು. 2021ರಲ್ಲಿ ಬಂದ ಮುಂದಿನ ಭಾಗ ‘ಹಂಟಿಂಗ್ ಬೈ ಸ್ಟಾರ್ಸ್’ ಅನ್ನೂ ತಪ್ಪದೆ ಓದು, ಓದಿ ನನಗೆ ಬರೆ.

ಇತಿ,
ನಿನ್ನ ಅಜ್ಜ