ಮಂಟೇಸ್ವಾಮಿ ಕಾವ್ಯದಲ್ಲಿ ಕಾಲಸಂಚಾರ

ಮಂಡ್ಯ, ಮದ್ದೂರು, ಮಳವಳ್ಳಿ ಪರಿಸರದ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದ ಅಧ್ಯಯನದಲ್ಲಿ ಕಾಲದ ಪ್ರಶ್ನೆ ಮುಖ್ಯವಾದುದು. ಬಸವಣ್ಣನ ಕಾಲ 12ನೆಯ ಶತಮಾನ. ಮಂಟೇಸ್ವಾಮಿಯ ಕಾಲವನ್ನು ಸಾಮಾನ್ಯವಾಗಿ 15-16ನೆಯ ಶತಮಾನವೆಂದು ಗುರುತಿಸಲಾಗುತ್ತದೆ. ಆದರೂ ಕಾವ್ಯದಲ್ಲಿ ಇವರಿಬ್ಬರೂ ಕಲ್ಯಾಣದಲ್ಲಿ ಮುಖಾಮುಖಿಯಾಗುತ್ತಾರೆ. ಇದನ್ನು ಜನಪದರ ಚರಿತ್ರೆಯ ಅಜ್ಞಾನವೆಂದು ಬಗೆದರೆ ಕಾವ್ಯದ ಮೂಲ ಪ್ರಶ್ನೆಯೇ ಕೈತಪ್ಪುತ್ತದೆ.

2011ರ ಜಪಾನಿ ಅನಿಮೆ ಸರಣಿ ‘ಸ್ಟೈನ್ಸ್ ಗೇಟ್’ನಲ್ಲಿ ಗತಕ್ಕೆ ಕಳುಹಿಸಿದ ಕಿರುಸಂದೇಶಗಳು ವರ್ತಮಾನವನ್ನೇ ಬದಲಿಸುತ್ತವೆ, ಒಬ್ಬ ಗೆಳತಿಯನ್ನು ಉಳಿಸಹೊರಟರೆ ಇನ್ನೊಬ್ಬಳನ್ನು ಕಳೆದುಕೊಳ್ಳಬೇಕಾದ ಸಂಕಟ ನಾಯಕನಿಗೆ ಎದುರಾಗುತ್ತದೆ. ಮಂಟೇಸ್ವಾಮಿಯಾದರೋ ಗತವನ್ನು ತಿದ್ದುವುದಿಲ್ಲ, ಪರೀಕ್ಷಿಸುತ್ತಾನೆ. ಹೊಲಸು ಮೈಯಲ್ಲಿ ಬಂದ ಅವನನ್ನು ಬಾಗಿಲಲ್ಲೇ ತಡೆದ ಜಂಗಮರ ಡಾಂಭಿಕತೆ ಬಯಲಾಗುತ್ತದೆ. ಸಮಾನತೆಯ ಕಲ್ಯಾಣದಲ್ಲಿಯೂ ಹೊರಗುಳಿದವರು ಯಾರು ಎಂಬ ಪ್ರಶ್ನೆಯನ್ನು ಮುಂದಿನ ಕಾಲ ಹಿಂದಿನ ಕಾಲಕ್ಕೆ ಹಾಕುತ್ತದೆ.

ಈ ಪರೀಕ್ಷೆ ಕಲ್ಯಾಣದಲ್ಲಿಯೇ ಮುಗಿಯುವುದಿಲ್ಲ. ಮಳವಳ್ಳಿ ತಾಲ್ಲೂಕಿನ ಹಲಗೂರಿನಲ್ಲಿ ಸಿದ್ಧಪ್ಪಾಜಿ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ಬೇಡುವ ಪ್ರಸಂಗದಲ್ಲಿ ಅದು ಸ್ಥಳೀಯ ಬದುಕಿಗೇ ಎದುರಾಗುತ್ತದೆ. ಆದ್ದರಿಂದ ಇಲ್ಲಿನ ಕಾಲವ್ಯತ್ಯಾಸ ದೋಷವಲ್ಲ. ಚರಿತ್ರೆಯನ್ನು ವಿಮರ್ಶಿಸಲು ನೀಲಗಾರ ಪರಂಪರೆ ಕಂಡುಕೊಂಡ ಕಥನಕ್ರಮ.