ಬಾವಿಯಲ್ಲಿರುವ ಆಮೆಯ ಮೈಕಸುವು

ತೆರೆದ ಬಾವಿಗೆ ಒಂದು ಆಮೆಯನ್ನು ಬಿಟ್ಟರೆ ನೀರು ಶುದ್ಧವಾಗಿರುವುದೆಂಬ ನಂಬಿಕೆಯು ದಕ್ಷಿಣ ಕರ್ನಾಟಕದ ಬೇಸಾಯಗಾರರಲ್ಲಿ ಹಿಂದಿನಿಂದ ಬಂದಿರುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಕೊಳವೆ ಬಾವಿಗಳು ಹೆಚ್ಚಿದ ಮೇಲೆ ತೆರೆದ ಬಾವಿಗಳು ಅನೇಕ ಕಡೆ ಬತ್ತಿವೆ. ನೀರು ಉಳಿದಿರುವ ಬಾವಿಗಳಲ್ಲಿ, ಯಾರೋ ತಂದು ಬಿಟ್ಟದ್ದಾಗಲಿ, ಮಳೆಗಾಲದಲ್ಲಿ ಕೆರೆಯಿಂದ ಕೆರೆಗೆ ನಡೆಯುವಾಗ ಜಾರಿ ಬಿದ್ದದ್ದಾಗಲಿ, ಆಮೆಯು ಕಾಣಬರುವುದುಂಟು. ಅದು ಹುಳು, ಕಪ್ಪೆ, ಸತ್ತ ಮೀನು ಮುಂತಾದುವನ್ನು ತಿನ್ನುವುದು ನಿಜ. ಆದರೆ ಅದರ ಮಲವೂ ಅದೇ ನೀರಿಗೆ ಸೇರುವುದರಿಂದ ನೀರು ಕುಡಿಯಲು ಯೋಗ್ಯವಾಗುವುದೆಂದು ಹೇಳಲಾಗದು. ಆಮೆಗಾದರೋ ಬಾವಿಯು ಸೆರೆಮನೆಯೇ ಸರಿ.

ಈಜಲು ನೀರಿದೆಯಲ್ಲಾ, ಮತ್ತೇನು ಬೇಕೆಂದು ಕೆಲವರು ಕೇಳುವರು. ಆಮೆಯ ರಕ್ತವು ತಾನಾಗಿ ಬೆಚ್ಚಗಿರತಕ್ಕದ್ದಲ್ಲ. ಬಿಸಿಲಿನಲ್ಲಿ ಮೈ ಕಾಯಿಸಿಕೊಂಡ ಮೇಲೆಯೇ ಅದರ ಕೈಕಾಲುಗಳಿಗೆ ಚುರುಕು ಬರುವುದು, ತಿಂದ ಆಹಾರವು ಅರಗುವುದು. ಬಿಸಿಲು ಮೈಗೆ ತಾಗಿದಾಗ ದೇಹದಲ್ಲಿ ಡಿ ಜೀವಸತ್ವವು ಉಂಟಾಗಿ, ಸುಣ್ಣದ ಅಂಶವು ಎಲುಬು ಚಿಪ್ಪುಗಳಿಗೆ ಸೇರುವುದು. ನೆಟ್ಟಗಿನ ಕಲ್ಲುಕಟ್ಟಡದ ಬಾವಿಯಲ್ಲಿ ಹತ್ತಿ ಕೂರಲು ಸ್ಥಳವಿಲ್ಲ. ಪ್ರಾಣಿಯು ಗೋಡೆಯನ್ನು ಕೆರೆಯುತ್ತಾ ಸುತ್ತಿ ಸುತ್ತಿ ದಣಿಯುವುದು. ಇದು ವ್ಯಾಯಾಮವಲ್ಲ, ಬಿಡುಗಡೆಗಾಗಿ ಪಡುವ ಪಾಡು. ಹೆಣ್ಣಾಮೆಯ ಕಷ್ಟವು ಇನ್ನೂ ಹೆಚ್ಚು. ಮೊಟ್ಟೆಯಿಡಲು ಅದಕ್ಕೆ ಒಣ ಮಣ್ಣು ಬೇಕೇ ಬೇಕು.

ಬಾವಿಯಲ್ಲಿ ಆಮೆಯು ಕಂಡೊಡನೆ ಹತ್ತಿರದ ವಲಯ ಅರಣ್ಯಾಧಿಕಾರಿಗೆ ತಿಳಿಸತಕ್ಕದ್ದು. ಅವರು ಬರುವವರೆಗೆ ಒಂದು ತೆಪ್ಪವನ್ನು ಇಳಿಬಿಡುವುದು ಒಳ್ಳೆಯದು. ಮೂರು ಬಾಳೆದಿಂಡುಗಳನ್ನು ತೆಂಗಿನ ನಾರಿನ ಹಗ್ಗದಿಂದ ಬಿಗಿದು, ಒಂದು ತುದಿಗೆ ಕಲ್ಲು ಕಟ್ಟಿ, ಆ ತುದಿಯು ನೀರಿನಲ್ಲಿ ಮುಳುಗಿ ಇಳಿಜಾರಾಗುವಂತೆ ಮಾಡಬೇಕು. ಬಿಸಿಲು ಬೀಳುವ ಮಗ್ಗುಲಿಗೆ ತೆಪ್ಪವು ನಿಲ್ಲುವಂತೆ ಹಗ್ಗವನ್ನು ಮೇಲೆ ಕಟ್ಟಿದರಾಯಿತು. ದಿಂಡು ಬೇಗ ಕೊಳೆಯುವುದರಿಂದ ಇದು ಕೆಲವು ದಿನದ ಏರ್ಪಾಡು ಮಾತ್ರ. ಮೇಲೆತ್ತಬೇಕಾಗಿ ಬಂದರೆ ಮಂಕರಿಯನ್ನೇ ಬಳಸಬೇಕು. ಕಾಲನ್ನೋ ಬಾಲವನ್ನೋ ಹಿಡಿದು ಎಳೆಯಕೂಡದು. ಮೆದು ಚಿಪ್ಪಿನ ಆಮೆಯು ಉದ್ದವಾದ ಕತ್ತನ್ನು ಹೊರಚಾಚಿ ಚೆನ್ನಾಗಿ ಕಚ್ಚಬಲ್ಲದು. ಅದರ ಚಿಪ್ಪು ಹುಟ್ಟಿನಿಂದಲೇ ತೊಗಲಿನಂತಿರುವುದು. ಅದನ್ನು ರೋಗವೆಂದು ತಿಳಿಯಬಾರದು.

ಈ ಮೆದು ಚಿಪ್ಪಿನ ಆಮೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿದೆ. ಹಿಡಿದವರಿಗೂ ಇಟ್ಟುಕೊಂಡವರಿಗೂ 3 ರಿಂದ 7 ವರ್ಷಗಳ ಸೆರೆವಾಸವೂ ಜುಲ್ಮಾನೆಯೂ ಉಂಟು. ಬಾವಿಯ ನೀರಿಗಾಗಿ ಬಿಟ್ಟೆನೆಂಬ ಸಮಾಧಾನವು ಅಲ್ಲಿ ಸಲ್ಲದು. ಕುರುಚಲು ಕಾಡಿನ ನಕ್ಷತ್ರದಾಮೆಯನ್ನು ಸಾಕುವುದೂ ಕಾಯಿದೆಗೆ ವಿರುದ್ಧ. ಅದು ನೆಲದ ಪ್ರಾಣಿ, ಈಜು ಬಾರದು. ಪುಣ್ಯವೆಂದು ಅದನ್ನು ಕೆರೆಗೋ ಬಾವಿಗೋ ಎಸೆಯುವವರು ಅದನ್ನು ಕೊಂದಂತೆಯೇ. ಮಕ್ಕಳಿಗೆ ಆಡಲು ಆಮೆ ಬೇಕಾದರೆ ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಮರದ ಬೊಂಬೆಗಳಿಗೆ ಕೊರತೆಯಿಲ್ಲ.

ಪೇಟೆಯ ಮನೆಗಳಲ್ಲಿ ಈಚೆಗೆ ಕಾಣುವುದು ಬೇರೊಂದು ಜಾತಿ, ಕಣ್ಣಿನ ಹಿಂದೆ ಕೆಂಪು ಪಟ್ಟೆಯುಳ್ಳ ಅಮೆರಿಕ ದೇಶದ ಆಮೆ. ಕೊಳ್ಳುವಾಗ ರೂಪಾಯಿಯಷ್ಟಿದ್ದದ್ದು ಬೆಳೆದು ಗೇಣುದ್ದವನ್ನು ಮೀರುವುದು. ಹಲವು ದಶಕ ಬದುಕುವುದು. ಬೇಸರವಾಯಿತೆಂದು ಕಣ್ವ ಜಲಾಶಯಕ್ಕಾಗಲಿ ಮಂಚನಬೆಲೆಗಾಗಲಿ ಬಿಡಲೇಕೂಡದು. ಅದು ನಮ್ಮ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಸ್ಥಳವನ್ನೂ ಕಸಿದುಕೊಳ್ಳುವುದು. ಈಗಾಗಲೇ ಇಟ್ಟುಕೊಂಡಿರುವವರು ಅದನ್ನು ಚಿಕ್ಕ ಗಾಜಿನ ಪೆಟ್ಟಿಗೆಯಲ್ಲಿ ಕೊಳೆಹಾಕದೆ ಅಗಲವಾದ ತೊಟ್ಟಿಯಲ್ಲಿ ಇರಿಸತಕ್ಕದ್ದು. ನೀರಿನ ಆಳವು ಚಿಪ್ಪಿನ ಉದ್ದಕ್ಕೆ ಎರಡರಷ್ಟಾದರೂ ಇರಬೇಕು. ಹತ್ತಿ ಕೂರಲು ಒಣಗಿದ ಕಲ್ಲು ಒಂದು ಕಡೆ, ನೆರಳು ಇನ್ನೊಂದು ಕಡೆ ಇರಬೇಕು. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಿಂದ ಚಿಪ್ಪಿಗೆ ಬೇಕಾದ ಗುಣವು ದೊರೆಯದು. ಮುದ್ದಿನಿಂದ ದಿನವೂ ಹೊಟ್ಟೆ ಬಿರಿಯುವಷ್ಟು ಹಾಕಿದರೆ ಅದು ಕೊಬ್ಬಿ, ಕಾಲುಗಳನ್ನು ಚಿಪ್ಪಿನೊಳಕ್ಕೆ ಎಳೆದುಕೊಳ್ಳಲೂ ಆಗದಂತಾಗುವುದು. ಬೆಳೆದ ಆಮೆಗೆ ದಿನ ಬಿಟ್ಟು ದಿನ, ಸೊಪ್ಪೇ ಹೆಚ್ಚಾಗಿ ಇರುವಂತೆ, ಆಹಾರವನ್ನು ತೊಟ್ಟಿಯ ಬೇರೆ ಬೇರೆ ಮೂಲೆಗಳಲ್ಲಿ ತೇಲಿಬಿಟ್ಟರೆ ಅದನ್ನು ಅರಸಿ ಈಜುವುದು. ಅನ್ನವೂ ಬ್ರೆಡ್ಡೂ ಅದಕ್ಕೆ ತಕ್ಕ ಆಹಾರವಲ್ಲ.

ಆಮೆಯು ಒಂದು ಮಗ್ಗುಲಿಗೆ ವಾಲಿ ತೇಲುತ್ತಿದ್ದರೆ ಶ್ವಾಸಕೋಶದ ರೋಗವನ್ನೂ, ಕಣ್ಣುಗಳು ಬಾತು ಮುಚ್ಚಿಕೊಂಡಿದ್ದರೆ ಎ ಜೀವಸತ್ವದ ಕೊರತೆಯನ್ನೂ ಶಂಕಿಸಿ ಪಶುವೈದ್ಯರಲ್ಲಿಗೆ ಒಯ್ಯಬೇಕು. ಆಮೆಯನ್ನೂ ಅದರ ನೀರನ್ನೂ ಮುಟ್ಟಿದವರು, ವಿಶೇಷವಾಗಿ ಮಕ್ಕಳು, ಸೋಪು ಹಚ್ಚಿ ಕೈ ತೊಳೆಯತಕ್ಕದ್ದು. ಅದರ ಮೈಮೇಲೆ ವಾಂತಿಭೇದಿಯನ್ನು ತರುವ ಸಾಲ್ಮೊನೆಲ್ಲಾ ಎಂಬ ಸೂಕ್ಷ್ಮಜೀವಿಗಳು ಇರುವುದುಂಟು. ತೊಟ್ಟಿಯ ಹಳೆಯ ನೀರನ್ನು ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಗೆ ಹಾಯಿಸದೆ ಮರಗಳ ಬುಡಕ್ಕೆ ಹೊಯ್ಯಬಹುದು.