ಹೆದ್ದಾರಿ ವಿಸ್ತರಣೆ: ಸುಂಕಸಹಿತವೋ, ಸುಂಕರಹಿತವೋ?

ರಾಜಾಜಿನಗರದ ಸಣ್ಣ ಉದ್ಯಮಿಯ ಸರಕು ಕೆಂಗೇರಿ ದಾಟಿ ಮೈಸೂರಿಗೆ ಸಾಗುವಾಗ ತೆರುವ ಟೋಲ್ ನೇರವಾಗಿ ಸಾಗಾಣಿಕೆ ವೆಚ್ಚಕ್ಕೆ ಸೇರುತ್ತದೆ. ಹಾಗೆಂದು ಸುಂಕರಹಿತ ರಸ್ತೆಯೇ ಲಾಭದಾಯಕವೆನ್ನಬಹುದೇ? ಈ ಒಂದೇ ಮಾರ್ಗವು ಎರಡೂ ಬಗೆಯ ವಿಸ್ತರಣೆಯನ್ನು ಕಂಡಿದೆ.

ಸುಂಕರಹಿತ ಯೋಜನೆ: 2000ರ ದಶಕದಲ್ಲಿ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮವು ಈ ರಸ್ತೆಯನ್ನು ಚತುಷ್ಪಥವಾಗಿಸಿತು. ವಾಹನದಾರರು ಸುಂಕ ತೆರಲಿಲ್ಲ. ಆ ರಸ್ತೆಯನ್ನೆಂದೂ ಬಳಸದ ತೆರಿಗೆದಾರನೂ ವೆಚ್ಚದಲ್ಲಿ ಪಾಲುದಾರನಾದನು. ಆದರೆ ರಸ್ತೆಯು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ನಡುವೆಯೇ ಹಾಯುತ್ತಿದ್ದುದರಿಂದ ಸಮಯವೂ ಇಂಧನವೂ ವ್ಯಯವಾಗುತ್ತಿದ್ದವು.

ಸುಂಕಸಹಿತ ಯೋಜನೆ: 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಷಟ್ಪಥ ಹೆದ್ದಾರಿಯ ವೆಚ್ಚ ಸುಮಾರು 8,480 ಕೋಟಿ ರೂಪಾಯಿ. ಇದು ಪಟ್ಟಣಗಳನ್ನು ಬಳಸಿ ಸಾಗುತ್ತದೆ. ಇದಕ್ಕೆ ಅನ್ವಯಿಸಿದ ‘ಹೈಬ್ರಿಡ್ ಆನ್ಯುಯಿಟಿ’ ಪದ್ಧತಿಯಲ್ಲಿ ಯೋಜನಾ ವೆಚ್ಚದ ಶೇ. 40ನ್ನು ಸರ್ಕಾರವು ನಿರ್ಮಾಣ ಕಾಲದಲ್ಲಿಯೇ ನೀಡುತ್ತದೆ. ಗುತ್ತಿಗೆದಾರನು ಹೂಡಿದ ಉಳಿದ ಮೊತ್ತವನ್ನು ಬಡ್ಡಿಸಹಿತ ಕಂತುಗಳಲ್ಲಿ ತೀರಿಸುತ್ತದೆ. ಸುಂಕದ ಆದಾಯ ಹೆದ್ದಾರಿ ಪ್ರಾಧಿಕಾರಕ್ಕೆ ಸಲ್ಲುವುದರಿಂದ, ವಾಹನ ಸಂಚಾರ ಕುಸಿದರೂ ನಷ್ಟವು ಗುತ್ತಿಗೆದಾರನದಲ್ಲ.

ಆದ್ದರಿಂದ ಯಾವ ರಸ್ತೆಯೂ ಉಚಿತವಲ್ಲ. ಹಣ ತೆರುವವರಾರು ಎಂಬುದಷ್ಟೇ ಭೇದ. ಉದ್ಯಮಿಯು ಸುಂಕವನ್ನು ಮಾತ್ರ ನೋಡದೆ, ಉಳಿಯುವ ಡೀಸೆಲ್, ಚಾಲಕನ ವೇಳೆ ಹಾಗೂ ವಾಹನಕ್ಕೆ ದೊರೆಯುವ ಹೆಚ್ಚುವರಿ ಸರದಿಗಳನ್ನು ಲೆಕ್ಕಹಾಕಬೇಕು. ಮೈಸೂರಿನವರೆಗೆ ಸಾಗುವ ಲಾರಿಗೆ ಸುಂಕವು ಗಿಟ್ಟಬಹುದು. ಬಿಡದಿಗೆ ಬಿಡಿಭಾಗ ಒಯ್ಯುವ ಸಣ್ಣ ವಾಹನಕ್ಕೆ ಸುಂಕವಿಲ್ಲದ ಸರ್ವಿಸ್ ರಸ್ತೆಯೇ ಸಾಕಾದೀತು. ಆದಕಾರಣ ಮುಂದಿನ ಯಾವುದೇ ವಿಸ್ತರಣೆಯಲ್ಲಿಯೂ ಸುಸ್ಥಿತಿಯ ಸರ್ವಿಸ್ ರಸ್ತೆಯನ್ನು ವಾಣಿಜ್ಯ ಸಮುದಾಯವು ಮೊದಲ ಬೇಡಿಕೆಯಾಗಿಸುವುದು ಯುಕ್ತ.